ಸಿಪಾಯಿಯ ಕಡತದಲ್ಲಿ ಒಂದು ಸಾಲು

ಉಪಾಧ್ಯಾಯ ವೃತ್ತಿಯಲ್ಲಿರುವ ನಮಗೆ ಬರಹದ ಅಧಿಕಾರವೇನೆಂಬುದು ಜೂನ್ ತಿಂಗಳು ಬಂದೊಡನೆ ನೆನಪಾಗುತ್ತದೆ. ಹೊಸದಾಗಿ ಶಾಲೆಗೆ ಸೇರುವ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಇವಿಷ್ಟನ್ನು ದಾಖಲಾತಿ ಪುಸ್ತಕದಲ್ಲಿ ಬರೆದು ಮಸಿ ಆರುವುದರೊಳಗೆ ಆ ಮಗುವಿನ ಬಾಳಿನ ಕೆಲವು ಸಂಗತಿಗಳು ನಿಶ್ಚಯವಾಗಿಬಿಟ್ಟಿರುತ್ತವೆ. ಮುಂದೆ ಅದು ಯಾವ ವರ್ಷ ಪರೀಕ್ಷೆಗೆ ಕುಳಿತುಕೊಳ್ಳಬಹುದು, ಯಾವ ವರ್ಷ ನೌಕರಿಗೆ ಅರ್ಜಿ ಹಾಕಬಹುದು, ಯಾವ ವರ್ಷ ನಿವೃತ್ತವಾಗಬೇಕು ಎಂಬುದೆಲ್ಲ ಆ ಒಂದು ಸಾಲಿನಲ್ಲಿ ಅಡಗಿದೆ. ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕೂ ಉಂಟು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಗಡಿಯ ಈಚೆಗೆ ಉಳಿದ ಕನ್ನಡಿಗರ ಮನೆಗಳಲ್ಲಿ ಒಂದೇ ಹೆಸರು ಕನ್ನಡ ಶಾಲೆಯ ಪುಸ್ತಕದಲ್ಲಿ ಒಂದು ಬಗೆಯಾಗಿಯೂ ಸರಕಾರದ ಪಟ್ಟಿಯಲ್ಲಿ ಇನ್ನೊಂದು ಬಗೆಯಾಗಿಯೂ ಇರುವುದು ಅಪರೂಪವೇನಲ್ಲ. ಎರಡೂ ತಾನೇ ಎಂದು ಸಾಧಿಸುವ ಹೊಣೆ ಆ ಹೆಸರಿನವನ ಮೇಲೆಯೇ ಬೀಳುತ್ತದೆ.

ಆದರೆ ಇಲ್ಲಿ ನಾವು ಹೇಳಹೊರಟಿರುವುದು ಶಾಲೆಯ ಪುಸ್ತಕದ ಸಂಗತಿಯಲ್ಲ, ಸೈನ್ಯದ ಕಡತದ ಸಂಗತಿ. ಸಿಪಾಯಿಯಾಗಿ ದುಡಿದವನ ಮಟ್ಟಿಗೆ ಕಡತವೇ ಸಾಕ್ಷಿ. ಎಷ್ಟು ವರ್ಷ ದುಡಿದ, ಎಲ್ಲಿ ಕಾದಿದ, ಎಲ್ಲಿ ಗಾಯಗೊಂಡ, ಯಾವ ರೀತಿಯಲ್ಲಿ ಬಿಡುಗಡೆಯಾದ ಎಂಬುದನ್ನು ಅವನ ಬಾಯಿಮಾತಿನ ಮೇಲೆ ಯಾರೂ ನಂಬುವುದಿಲ್ಲ. ಕಡತದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಕಡತದಲ್ಲಿಯೇ ತಪ್ಪು ಸೇರಿಕೊಂಡರೆ ಅದನ್ನು ತಿದ್ದುವವರು ಯಾರು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸದಲ್ಲಿ ದೊರೆಯುವಷ್ಟು ವಿಶದವಾದ ಉತ್ತರ ಬೇರೆಡೆ ನಮಗೆ ಕಂಡುಬಂದಿಲ್ಲ. ಆದುದರಿಂದ ಅಲ್ಲಿಯ ನಾಲ್ಕಾರು ಪ್ರಕರಣಗಳನ್ನು ಓದುಗರ ಮುಂದೆ ಇಡುತ್ತೇವೆ.

ಮೊದಲನೆಯದು ಬ್ರೌನ್ಸ್‌ವಿಲ್ ಪಟ್ಟಣದ್ದು. ಟೆಕ್ಸಾಸ್ ಸಂಸ್ಥಾನದ ತೆಂಕಣ ತುದಿಯಲ್ಲಿ ರಿಯೋ ಗ್ರಾಂಡೆ ನದಿಯ ದಡದ ಮೇಲೆ ಈ ಊರಿದೆ. ಹೊಳೆ ದಾಟಿದರೆ ಮೆಕ್ಸಿಕೋ ದೇಶ. ಅದೂ ಒಂದು ಗಡಿನಾಡೇ. 1906ರ ಜುಲೈ 28ರಂದು ಅಲ್ಲಿಯ ಫೋರ್ಟ್ ಬ್ರೌನ್ ಠಾಣೆಗೆ 25ನೆಯ ಕಾಲ್ದಳದ ಮೊದಲ ಪಡೆಯ ಮೂರು ಕಂಪೆನಿಗಳು ನೆಬ್ರಾಸ್ಕದಿಂದ ಬಂದಿಳಿದುವು. ಸಿಪಾಯಿಗಳೆಲ್ಲರೂ ಕರಿಯ ಜನಾಂಗದವರು, ಅಧಿಕಾರಿಗಳು ಬಿಳಿಯರು. ಕ್ಯೂಬಾದಲ್ಲಿಯೂ ಫಿಲಿಪೈನ್ಸ್ ದ್ವೀಪಗಳಲ್ಲಿಯೂ ಕಾದಿದ ದಳ ಅದು. ಊರಿನವರಿಗೆ ಮಾತ್ರ ಇವರ ಮೈಬಣ್ಣವಲ್ಲದೆ ಬೇರೇನೂ ಕಾಣಲಿಲ್ಲ. ಒಬ್ಬ ಸಿಪಾಯಿಗೆ ಸುಂಕದ ಇಲಾಖೆಯವನೊಬ್ಬನು ಪಿಸ್ತೂಲಿನಿಂದ ತಲೆಗೆ ಬಡಿದನು. ಇನ್ನೊಬ್ಬನನ್ನು ಹೊಳೆಗೆ ನೂಕಿದರು. ಎರಡು ವಾರಗಳಲ್ಲಿ ಇಷ್ಟಾಯಿತು.

ಆಗಸ್ಟ್ 13ರ ನಡುರಾತ್ರಿಯಲ್ಲಿ ಠಾಣೆಯ ಪಕ್ಕದ ಬೀದಿಗಳಲ್ಲಿ ಗುಂಡಿನ ಸದ್ದಾಯಿತು. ಹತ್ತು ನಿಮಿಷದೊಳಗೆ ಎಲ್ಲವೂ ಮುಗಿಯಿತು. ಮದ್ಯದಂಗಡಿಯ ನೌಕರನೊಬ್ಬನು ಸತ್ತನು. ಪೊಲೀಸು ಅಧಿಕಾರಿಯೊಬ್ಬನ ತೋಳಿಗೆ ಗುಂಡು ತಗುಲಿ ಅದನ್ನು ಕತ್ತರಿಸಬೇಕಾಯಿತು. ಸಿಪಾಯಿಗಳೇ ಗುಂಡು ಹಾರಿಸಿದರೆಂದು ಊರವರು ಹೇಳಿದರು. ಆ ರಾತ್ರಿಯೇ ಹಾಜರಿ ಕರೆದಾಗ ಸಿಪಾಯಿಗಳು ತಮ್ಮ ತಮ್ಮ ಸ್ಥಾನಗಳಲ್ಲಿದ್ದರೆಂದೂ, ಬೆಳಗ್ಗೆ ಪರೀಕ್ಷಿಸಿದಾಗ ಅವರ ಬಂದೂಕುಗಳು ಶುಚಿಯಾಗಿದ್ದುವೆಂದೂ ಅಧಿಕಾರಿಗಳು ಕಂಡಿದ್ದರು. ಆದರೆ ಬೀದಿಯಲ್ಲಿ ಸೈನ್ಯದ ಬಂದೂಕಿನ ಖಾಲಿ ತೋಟಾಗಳು ಸಿಕ್ಕಿದುವು. ಅಷ್ಟು ಸಾಕಾಯಿತು. ಟೆಕ್ಸಾಸಿನ ಪೊಲೀಸರು ಹನ್ನೆರಡು ಮಂದಿಯನ್ನು ಹಿಡಿದರೂ ಅಲ್ಲಿಯ ಮಹಾ ಪಂಚಾಯಿತರು, ಅಂದರೆ ಆಪಾದನೆಯನ್ನು ಹೊರಿಸಬೇಕೇ ಬೇಡವೇ ಎಂದು ನಿರ್ಣಯಿಸುವ ಊರವರ ಮಂಡಳಿಯೇ, ಒಬ್ಬನ ಮೇಲೂ ಆಪಾದನೆ ಹೊರಿಸಲು ಆಧಾರ ಕಾಣಲಿಲ್ಲ.

ಇಲ್ಲಿಗೆ ವಿಷಯ ನಿಲ್ಲಬೇಕಾಗಿತ್ತು. ಸೈನ್ಯದ ತನಿಖೆಯ ಅಧಿಕಾರಿ ಬಂದು, ತಪ್ಪಿತಸ್ಥರ ಹೆಸರು ಹೇಳದಿದ್ದರೆ ಎಲ್ಲರನ್ನೂ ಹೊರಗೆ ಹಾಕಲಾಗುವುದೆಂದು ಹೆದರಿಸಿದನು. ಯಾರೂ ಹೇಳಲಿಲ್ಲ. ತಮಗೇನೂ ಗೊತ್ತಿಲ್ಲವೆಂದರು. ಗೊತ್ತಿಲ್ಲವೆಂಬುದನ್ನೇ ಒಳಸಂಚಿನ ಮೌನವೆಂದು ಅವನು ವರದಿ ಮಾಡಿದನು. ತರಗತಿಯಲ್ಲಿ ಗಾಜು ಒಡೆದಾಗ ಹೆಸರು ಹೇಳದಿದ್ದರೆ ಎಲ್ಲರಿಗೂ ಏಟು ಎನ್ನುವ ಉಪಾಧ್ಯಾಯರಿದ್ದಾರೆ. ಆ ಪದ್ಧತಿಯ ನ್ಯಾಯಾನ್ಯಾಯವನ್ನು ಓದುಗರಾದ ಸಹೋದ್ಯೋಗಿಗಳು ತಾವೇ ಯೋಚಿಸಬಹುದು. ಇಲ್ಲಿ ಆ ಪದ್ಧತಿಯನ್ನು ಅನುಸರಿಸಿದವರು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್. ಕರಿಯ ಜನಾಂಗದ ಮುಖಂಡರಾದ ಬುಕರ್ ಟಿ. ವಾಷಿಂಗ್ಟನ್ ಅವರು ಬೇಡವೆಂದು ಕೇಳಿಕೊಂಡರೂ ಫಲವಾಗಲಿಲ್ಲ. ನವೆಂಬರ್ ತಿಂಗಳಲ್ಲಿ, ಚುನಾವಣೆ ಮುಗಿದ ಮೇಲೆ, ಆಜ್ಞೆ ಪ್ರಕಟವಾಯಿತು. 167 ಸಿಪಾಯಿಗಳು ಒಂದೇ ಆಜ್ಞೆಯಿಂದ ವಜಾ ಆದರು. ಅದೇ ವರ್ಷದ ಡಿಸೆಂಬರಿನಲ್ಲಿ ರೂಸ್‌ವೆಲ್ಟ್ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು.

ಆಜ್ಞೆಯಲ್ಲಿ ಬಳಸಿದ ಮಾತನ್ನು ಗಮನಿಸಬೇಕು. ‘ಅಪಮಾನಕರ ಬಿಡುಗಡೆ’ ಎಂದು ಬರೆಯಬೇಕಾದರೆ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ತೀರ್ಪು ಬರಬೇಕು. ವಿಚಾರಣೆಗೆ ಸಾಕ್ಷ್ಯ ಬೇಕು. ಅದಿಲ್ಲದುದರಿಂದ ‘ಗೌರವವಿಲ್ಲದ ಬಿಡುಗಡೆ’ ಎಂಬ ಇನ್ನೊಂದು ಪದವನ್ನು ಹುಡುಕಿದರು. ಅದಕ್ಕೆ ವಿಚಾರಣೆ ಬೇಡ, ಒಂದು ಸಹಿ ಸಾಕು. ಫಲ ಮಾತ್ರ ಹೆಚ್ಚುಕಡಮೆ ಒಂದೇ: ವಿಶ್ರಾಂತಿವೇತನವಿಲ್ಲ, ಮರಳಿ ಸೈನ್ಯಕ್ಕೆ ಸೇರುವಂತಿಲ್ಲ, ಸರಕಾರದ ಬೇರೆ ನೌಕರಿಯೂ ಇಲ್ಲ. ಮಿಂಗೊ ಸ್ಯಾಂಡರ್ಸ್ ಎಂಬ ಹಿರಿಯ ಸಾರ್ಜೆಂಟನು 26 ವರ್ಷ ದುಡಿದಿದ್ದನು. ಕ್ಯೂಬಾ ಯುದ್ಧದಲ್ಲಿ ಇದೇ ರೂಸ್‌ವೆಲ್ಟ್ ಅವರ ತುಕಡಿ ಹಸಿದಿದ್ದಾಗ ತಮ್ಮ ಪಾಲಿನ ಗಟ್ಟಿ ರೊಟ್ಟಿಯನ್ನು ಹಂಚಿಕೊಟ್ಟವರಲ್ಲಿ ಅವನೂ ಒಬ್ಬನು. ಅವನ ಕಡತದಲ್ಲಿಯೂ ಅದೇ ಸಾಲು ಬಿತ್ತು. ಬಿಳಿಯ ಅಧಿಕಾರಿಗಳಿಬ್ಬರ ಮೇಲೆ ಮಾತ್ರ 1907ರಲ್ಲಿ ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಇಬ್ಬರೂ ನಿರ್ದೋಷಿಗಳೆಂದು ತೀರ್ಪಾಯಿತು. ವಿಚಾರಣೆಯಾದವರು ಉಳಿದುಕೊಂಡರು, ವಿಚಾರಣೆಯಿಲ್ಲದವರು ಬೀದಿಗೆ ಬಿದ್ದರು.

ಓಹಿಯೋದ ಸೆನೆಟರ್ ಜೋಸೆಫ್ ಫೋರೇಕರ್ ಅವರು ಈ ಸಿಪಾಯಿಗಳ ಪರವಾಗಿ ತಮ್ಮ ಪಕ್ಷದ ಅಧ್ಯಕ್ಷರನ್ನೇ ಎದುರು ಹಾಕಿಕೊಂಡರು. ಸೆನೆಟ್ಟಿನ ಸಮಿತಿ 1907ರಲ್ಲಿಯೂ 1908ರಲ್ಲಿಯೂ ದೀರ್ಘವಾಗಿ ಸಾಕ್ಷ್ಯ ಕೇಳಿತು. ಬಹುಮತ ಅಧ್ಯಕ್ಷರ ಕಡೆಗೇ ಹೋಯಿತು. 1909ರಲ್ಲಿ ಫೋರೇಕರ್ ಅವರ ಸೆನೆಟ್ ಸದಸ್ಯತ್ವ ಮುಗಿಯಿತು. 1910ರಲ್ಲಿ ಒಂದು ವಿಚಾರಣಾ ಮಂಡಳಿ 14 ಮಂದಿ ಮಾತ್ರ ಮತ್ತೆ ಸೇರಲು ಅರ್ಹರೆಂದು ಹೇಳಿತು. ಆ ಹದಿನಾಲ್ವರನ್ನೇ ಏಕೆ ಆರಿಸಿದರೆಂಬುದಕ್ಕೆ ಕಾರಣವನ್ನು ಕೊಡಲಿಲ್ಲ. ಉಳಿದ 153 ಮಂದಿಯ ಕಡತ ಕಟ್ಟಿ ಕಪಾಟಿನಲ್ಲಿಟ್ಟರು.

ಅರುವತ್ತು ವರ್ಷ ಯಾರೂ ಅದನ್ನು ತೆರೆಯಲಿಲ್ಲ. 1970ರಲ್ಲಿ ಜಾನ್ ವೀವರ್ ಎಂಬ ಲೇಖಕರು ಹಳೆಯ ಸಾಕ್ಷ್ಯವನ್ನೆಲ್ಲ ಓದಿ, ಸಿಪಾಯಿಗಳು ನಿರಪರಾಧಿಗಳೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದರು. ಕ್ಯಾಲಿಫೋರ್ನಿಯದ ಪ್ರತಿನಿಧಿ ಆಗಸ್ಟಸ್ ಹಾಕಿನ್ಸ್ ಅವರು ಅದನ್ನು ಆಧರಿಸಿ ಮರುವರ್ಷ ಮಸೂದೆಯನ್ನು ತಂದರು. 1972ರ ಸೆಪ್ಟೆಂಬರಿನಲ್ಲಿ ಭೂಸೈನ್ಯದ ಕಾರ್ಯದರ್ಶಿಯವರು ಆ ಬಿಡುಗಡೆಗಳನ್ನು ‘ಗೌರವಯುತ ಬಿಡುಗಡೆ’ ಎಂದು ತಿದ್ದಲು ಆಜ್ಞೆ ಮಾಡಿದರು. ಎಷ್ಟು ಮಂದಿಗೆ? ಹುಡುಕಿದಾಗ ಬದುಕಿದ್ದವರು ಇಬ್ಬರು. ಅವರಲ್ಲಿ ಒಬ್ಬರು 1910ರಲ್ಲಿ ಮರಳಿ ಸೇರಲು ಅನುಮತಿ ಪಡೆದವರು. ಇನ್ನೊಬ್ಬರು ಡಾರ್ಸಿ ವಿಲ್ಲಿಸ್. ಮಿನಿಯಾಪೊಲಿಸ್ ನಗರದ ಒಂದು ಕ್ಷೌರದ ಅಂಗಡಿಯಲ್ಲಿ ಬೂಟು ಒರೆಸಿ, ನೆಲ ಗುಡಿಸಿ ಅವರು ಸುಮಾರು 59 ವರ್ಷ ಕಳೆದಿದ್ದರು. 1973ರ ಫೆಬ್ರವರಿ 11ರಂದು, ಅವರ 87ನೆಯ ಹುಟ್ಟುಹಬ್ಬದ ದಿನ, ನಗರದ ಒಂದು ಇಗರ್ಜಿಯಲ್ಲಿ ಅವರ ಕೈಗೆ ಹೊಸ ಬಿಡುಗಡೆ ಪತ್ರವನ್ನು ಕೊಟ್ಟರು. ಹಿಂಬಾಕಿ ಸಂಬಳ ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದರು. ಆ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸು ಪ್ರತ್ಯೇಕ ಕಾನೂನು ಮಾಡಿ ಅವರಿಗೆ 25,000 ಡಾಲರನ್ನೂ, ಮರುಮದುವೆಯಾಗದ ವಿಧವೆಯರಿಗೆ 10,000 ಡಾಲರನ್ನೂ ಮಂಜೂರು ಮಾಡಿತು. ಮರಳಿ ಸೇರಿಸಿಕೊಂಡವರಿಗೆ ಇದು ಅನ್ವಯಿಸಲಿಲ್ಲ. 1977ರಲ್ಲಿ ವಿಲ್ಲಿಸ್ ತೀರಿಕೊಂಡಾಗ ಸೈನಿಕ ಮರ್ಯಾದೆಯೊಡನೆ ಫೋರ್ಟ್ ಸ್ನೆಲ್ಲಿಂಗ್ ಶ್ಮಶಾನದಲ್ಲಿ ಮಣ್ಣು ಮಾಡಿದರು.

ಇದು ಸಾಮೂಹಿಕವಾದ ತಪ್ಪಿನ ಮಾತಾಯಿತು. ಒಬ್ಬೊಬ್ಬರ ಕಡತದ ತಪ್ಪನ್ನು ತಿದ್ದುವುದಕ್ಕೆ ಅಲ್ಲಿ ಬೇರೊಂದು ದಾರಿಯುಂಟು. ಮೊದಲು ಆ ದೇಶದಲ್ಲಿ ಅದು ವಿಚಿತ್ರವಾಗಿತ್ತು. ಕಡತದಲ್ಲಿ ತಪ್ಪಿದ್ದ ಸಿಪಾಯಿಯು ತನ್ನ ಊರಿನ ಪ್ರತಿನಿಧಿಯನ್ನು ಹಿಡಿದು, ತನ್ನೊಬ್ಬನಿಗಾಗಿ ಕಾಂಗ್ರೆಸ್ಸಿನಲ್ಲಿ ಒಂದು ಮಸೂದೆಯನ್ನು ತರಿಸಬೇಕಾಗಿತ್ತು. ಪ್ರತಿನಿಧಿಯ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಲಕ್ಷಗಟ್ಟಲೆ ಸಿಪಾಯಿಗಳು ಮನೆಗೆ ಮರಳುವಾಗ ಈ ಪದ್ಧತಿ ನಡೆಯುವಂತಿರಲಿಲ್ಲ. 1946ರ ಒಂದು ಕಾಯಿದೆ ಇಂತಹ ಮಸೂದೆಗಳನ್ನು ನಿಷೇಧಿಸಿ, ತಿದ್ದುವ ಅಧಿಕಾರವನ್ನು ಸೈನ್ಯದ ಕಾರ್ಯದರ್ಶಿಗಳಿಗೆ ಕೊಟ್ಟಿತು. ಅವರು ಅದನ್ನು ಸೈನಿಕರಲ್ಲದ ನಾಗರಿಕರ ಮಂಡಳಿಗಳ ಮೂಲಕವೇ ನಡೆಸಬೇಕು. ತಪ್ಪು ಮಾಡಿದವನ ಕೈಗೇ ತಿದ್ದುವ ಲೇಖನಿಯನ್ನು ಕೊಡಬಾರದೆಂಬ ಈ ವಿವೇಕ ನಮಗೆ ಮೆಚ್ಚಿಕೆಯಾಯಿತು. ‘ದೋಷವನ್ನು ಸರಿಪಡಿಸುವುದು’, ‘ಅನ್ಯಾಯವನ್ನು ತೊಡೆಯುವುದು’ ಎಂಬ ಎರಡು ಕಾರಣಗಳನ್ನೂ ಕಾನೂನು ಒಪ್ಪುತ್ತದೆ. ತಪ್ಪು ಕಂಡ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ನ್ಯಾಯಕ್ಕೆ ಅಗತ್ಯವಾದರೆ ಮಂಡಳಿಯು ಆ ಗಡುವನ್ನು ಮನ್ನಿಸಬಹುದು. ಸಿಪಾಯಿ ಸತ್ತಿದ್ದರೆ ಅವನ ವಾರಸುದಾರರು ಅರ್ಜಿ ಹಾಕಬಹುದು.

ಈ ಮಂಡಳಿಯ ಮುಂದೆ ಬಂದ ಒಂದು ಅರ್ಜಿಯನ್ನು ಹೇಳದೆ ಮುಂದೆ ಹೋಗಲಾರೆವು. ಹೆನ್ರಿ ಫ್ಲಿಪರ್ ಎಂಬುವರು 1856ರಲ್ಲಿ ಜಾರ್ಜಿಯದಲ್ಲಿ ಗುಲಾಮರಾಗಿ ಹುಟ್ಟಿದವರು. 1877ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ ಉತ್ತೀರ್ಣರಾದ ಮೊದಲ ಕರಿಯರು ಇವರೇ. ಟೆಕ್ಸಾಸಿನ ಒಂದು ಕೋಟೆಯಲ್ಲಿ ಉಗ್ರಾಣದ ಹಣ ಕಡಿಮೆ ಬಂದಾಗ ಇವರ ಮೇಲೆ ವಿಚಾರಣೆ ನಡೆಯಿತು. ಹಣ ಕದ್ದರೆಂಬ ಆಪಾದನೆ ನಿಲ್ಲಲಿಲ್ಲ. ಆದರೂ ಅಧಿಕಾರಿಗೆ ತಕ್ಕುದಲ್ಲದ ನಡತೆಯೆಂಬ ಇನ್ನೊಂದು ಆಪಾದನೆಯ ಮೇಲೆ 1882ರ ಜೂನ್ 30ರಂದು ವಜಾ ಮಾಡಿದರು. ಇಂಜಿನಿಯರಾಗಿ, ಭೂಮಾಪಕರಾಗಿ ದುಡಿದು, ಹೆಸರನ್ನು ತೊಳೆದುಕೊಳ್ಳಲು ಬಾಳೆಲ್ಲ ಯತ್ನಿಸಿ 1940ರಲ್ಲಿ ಅವರು ತೀರಿಕೊಂಡರು. ಆ ಮೇಲೆ ಮೂರು ದಶಕ ಕಳೆದು, ಅರ್ಜಿಯನ್ನು ಮತ್ತೆ ಎತ್ತಿಕೊಂಡವರು ಯಾರು? ಜಾರ್ಜಿಯದ ಒಬ್ಬ ಶಾಲಾ ಉಪಾಧ್ಯಾಯರು. ಫ್ಲಿಪರ್ ಅವರ ಮನೆತನದವರನ್ನು ಜತೆಗೂಡಿಸಿಕೊಂಡು, ಹಳೆಯ ವಿಚಾರಣೆಯ ಕಾಗದಗಳನ್ನು ಓದಿ, ಅವರು ಮಂಡಳಿಗೆ ಮೊರೆಯಿಟ್ಟರು. ಒಬ್ಬ ಉಪಾಧ್ಯಾಯನಿಗೆ ಇಷ್ಟು ಸಾಧ್ಯವೆಂದು ಓದಿದಾಗ ನಮಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. 1976ರಲ್ಲಿ ಮಂಡಳಿಯು, ಶಿಕ್ಷೆಯ ತೀರ್ಪನ್ನು ರದ್ದುಮಾಡುವ ಅಧಿಕಾರ ತನಗಿಲ್ಲವೆಂದು ಒಪ್ಪಿಕೊಂಡು, ಶಿಕ್ಷೆಯು ಅತಿಯಾಯಿತೆಂದು ನಿರ್ಣಯಿಸಿ, ಬಿಡುಗಡೆಯನ್ನು ಗೌರವಯುತವಾದುದೆಂದು ತಿದ್ದಿಸಿತು. ಹಾಕಿದ ತಾರೀಖು ಅದೇ 1882ರ ಜೂನ್ 30. ತೀರ್ಪಿನ ಕಳಂಕ ಉಳಿದಿತ್ತು. ಅದಕ್ಕೆ ಅಧ್ಯಕ್ಷ ಕ್ಲಿಂಟನ್ ಅವರ ಕ್ಷಮಾದಾನ 1999ರಲ್ಲಿ ಬಂತು.

ಬರೆದುದು ತಪ್ಪಾದರೆ ತಿದ್ದಬಹುದು. ಬರೆಯದೆಯೇ ಬಿಟ್ಟುದನ್ನು ಏನು ಮಾಡುವುದು? ಹೆನ್ರಿ ಜಾನ್ಸನ್ ಎಂಬ ರೈಲ್ವೆ ಕೂಲಿಯಾಳು ಒಂದನೆಯ ಮಹಾಯುದ್ಧದಲ್ಲಿ 369ನೆಯ ಕಾಲ್ದಳದ ಸಿಪಾಯಿಯಾಗಿ ಫ್ರಾನ್ಸಿಗೆ ಹೋದನು. 1918ರ ಮೇ 15ರ ರಾತ್ರಿ ಕಾವಲಿನಲ್ಲಿದ್ದಾಗ ಜರ್ಮನರ ತಂಡವೊಂದು ಮೇಲೆ ಬಿದ್ದಿತು. ಜತೆಗಾರ ಗಾಯಗೊಂಡು ಉರುಳಿದಾಗ ಜಾನ್ಸನ್ ಗುಂಡು ತೀರಿದ ಮೇಲೆ ಬಂದೂಕಿನ ಹಿಡಿಯಿಂದಲೂ ಕತ್ತಿಯಿಂದಲೂ ಕಾದಿ ಅವನನ್ನು ಉಳಿಸಿದನು. ಮೈಮೇಲೆ 21 ಗಾಯಗಳಾಗಿದ್ದುವು. ಫ್ರೆಂಚ್ ಸರಕಾರ ತನ್ನ ಶೌರ್ಯಪದಕವನ್ನು ಕೊಟ್ಟಿತು. ಸ್ವದೇಶದ ಬಿಡುಗಡೆ ಪತ್ರದಲ್ಲಿ ಮಾತ್ರ ಆ ಗಾಯಗಳ ಸುದ್ದಿಯೇ ಇರಲಿಲ್ಲ. ಗಾಯದ ದಾಖಲೆಯಿಲ್ಲದವನಿಗೆ ಗಾಯಾಳುವಿನ ಪದಕ ಹೇಗೆ ಬಂದೀತು? 1929ರಲ್ಲಿ ಬಡತನದಲ್ಲಿಯೇ ಸತ್ತನು. ಆ ಪದಕ 1996ರಲ್ಲಿಯೂ, ದೇಶದ ಅತ್ಯುಚ್ಚ ಶೌರ್ಯಪದಕ 2015ರಲ್ಲಿಯೂ ಅವನ ಹೆಸರಿಗೆ ಬಂದುವು.

ಇನ್ನು, ಕಡತವೇ ಇಲ್ಲವಾದರೆ? ವಿಲ್ಲಿಸ್ ಅವರ ಕೈಗೆ ಪತ್ರ ಬಂದ 1973ನೆಯ ವರ್ಷದಲ್ಲಿಯೇ, ಜುಲೈ 12ರಂದು, ಸೇಂಟ್ ಲೂಯಿ ನಗರದ ಬಳಿಯ ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿತ್ತು. ಆರನೆಯ ಮಹಡಿಯಲ್ಲಿದ್ದ 160ರಿಂದ 180 ಲಕ್ಷ ಕಡತಗಳು ನಷ್ಟವಾದುವು. 1912ರಿಂದ 1960ರವರೆಗೆ ಬಿಡುಗಡೆಯಾದ ಭೂಸೈನಿಕರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದುವು. ಪ್ರತಿ ತೆಗೆದಿರಿಸಿರಲಿಲ್ಲ, ಅನುಕ್ರಮಣಿಕೆಯೂ ಇರಲಿಲ್ಲ. ಆದುದರಿಂದ ಯಾರ ಯಾರ ಕಡತ ಸುಟ್ಟಿತೆಂಬ ಪಟ್ಟಿಯನ್ನೂ ಮಾಡಲಾಗಲಿಲ್ಲ. ಬೆಂಕಿಯಿಂದ ಉಳಿದವು ನೀರಿನಿಂದ ತೊಯ್ದು ಬೂಸಲು ಹಿಡಿಯತೊಡಗಿದುವು. ಅವನ್ನು ವಿಮಾನ ಕಾರ್ಖಾನೆಯೊಂದರ ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಅಂದಿನಿಂದ ಅಲ್ಲಿಯ ಗುಮಾಸ್ತರು ಸಂಬಳದ ಚೀಟಿ, ಆಸ್ಪತ್ರೆಯ ಪಟ್ಟಿ, ಪರಿಹಾರದ ಹಳೆಯ ಅರ್ಜಿ, ಹೀಗೆ ಬೇರೆ ಕಚೇರಿಗಳ ಕಾಗದಗಳಿಂದ ಒಬ್ಬೊಬ್ಬನ ಸೇವೆಯನ್ನು ಮರಳಿ ಕಟ್ಟುತ್ತ ಬಂದಿದ್ದಾರೆ.

ನಮ್ಮ ದೇಶದಲ್ಲಿ ಈ ಕಷ್ಟ ಬೇರೆ ರೂಪದಲ್ಲಿದೆ. ಸಿಪಾಯಿಯ ದಾಖಲೆಗಳು ಅವನ ರೆಜಿಮೆಂಟಿನ ರೆಕಾರ್ಡ್ ಕಚೇರಿಯಲ್ಲಿರುತ್ತವೆ. ನೀಲಗಿರಿಯ ಕನ್ನಡಿಗರಿಗೆ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟು ಪರಿಚಿತವೇ. ಸಿಪಾಯಿಯ ಮದುವೆ, ಮಕ್ಕಳ ಜನನ ಇವು ‘ಪಾರ್ಟ್ ಟು ಆರ್ಡರ್’ ಎಂಬ ಪ್ರಕಟಣೆಯಲ್ಲಿ ಬಂದು ದಾಖಲೆಗೆ ಸೇರಬೇಕು. ಹೆಂಡತಿಯ ಹೆಸರು ಅಲ್ಲಿ ಒಂದಕ್ಷರ ಹೆಚ್ಚುಕಡಮೆಯಾದರೂ ಅವನು ಬದುಕಿರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಅವನು ಹೋದ ಮೇಲೆ ಕುಟುಂಬ ವಿಶ್ರಾಂತಿವೇತನಕ್ಕೆ ಆಕೆ ಬಂದಾಗ, ಆಕೆಯ ಕೈಯಲ್ಲಿರುವ ಗುರುತಿನ ಚೀಟಿಯ ಹೆಸರು ಬೇರೆ, ಡಿಸ್ಚಾರ್ಜ್ ಪುಸ್ತಕದ ಹೆಸರು ಬೇರೆ ಎಂದು ತಿಳಿಯುತ್ತದೆ. ಒಂದು ಭಾಷೆಯ ಹೆಸರನ್ನು ಇನ್ನೊಂದು ಭಾಷೆಯ ಗುಮಾಸ್ತನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಇದಾಗದೆ ಇನ್ನೇನು? ಇಂತಹವರು ಮೊದಲು ಜಿಲ್ಲಾ ಸೈನಿಕ ಕಚೇರಿಯ ನೆರವಿನಿಂದ ರೆಕಾರ್ಡ್ ಕಚೇರಿಗೆ ಬರೆಯಬೇಕು. ಅಲ್ಲಿ ಬಗೆಹರಿಯದಿದ್ದರೆ 2007ರ ಕಾಯಿದೆಯಂತೆ ಸ್ಥಾಪಿತವಾಗಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಅದರ ಪೀಠಗಳು ಕೊಚ್ಚಿಯಲ್ಲಿಯೂ ಚೆನ್ನೈಯಲ್ಲಿಯೂ ಉಂಟು. ಇದನ್ನು ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಓದಿ ಹೇಳಿದರೆ ಒಳ್ಳೆಯದು.

ತಪ್ಪು ಸಿಪಾಯಿಯ ಕಡತಕ್ಕೆ ಮಾತ್ರ ಬರುವುದೆಂದು ತಿಳಿಯಬೇಡಿ. ಜನರಲ್ ವಿ. ಕೆ. ಸಿಂಗ್ ಅವರು 2010ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. ವಿದ್ಯಾರ್ಥಿಯಾಗಿದ್ದಾಗ ಸೈನಿಕ ಅಕಾಡೆಮಿಗಾಗಿ ತುಂಬಿದ ಅರ್ಜಿಯಲ್ಲಿ ಅವರ ಹುಟ್ಟಿದ ವರ್ಷ 1950 ಎಂದಿತ್ತು. ಮೆಟ್ರಿಕ್ಯುಲೇಶನ್ ಪತ್ರದಲ್ಲಿ 1951. ಸೈನ್ಯದ ಒಂದು ಶಾಖೆಯಲ್ಲಿ ಒಂದು ವರ್ಷ, ಇನ್ನೊಂದರಲ್ಲಿ ಇನ್ನೊಂದು ವರ್ಷ ದಶಕಗಟ್ಟಲೆ ಉಳಿದುವು. ಸರಕಾರ 1950 ಎಂದೇ ಹಿಡಿಯಿತು. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2012ರ ಫೆಬ್ರವರಿ 10ರಂದು ಅರ್ಜಿಯನ್ನು ಹಿಂತೆಗೆದುಕೊಂಡು, ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದರು. ಹತ್ತು ಲಕ್ಷಕ್ಕೆ ಮೀರಿದ ಸೈನ್ಯದ ನಾಯಕರಿಗೂ ಶಾಲೆಯ ದಿನಗಳ ಒಂದು ಅರ್ಜಿ ಅಡ್ಡ ನಿಂತಿತು.

ಕೊನೆಯದಾಗಿ ಮತ್ತೆ ಟೆಕ್ಸಾಸಿಗೇ ಬರೋಣ. 1917ರ ಆಗಸ್ಟ್ 23ರ ರಾತ್ರಿ ಹ್ಯೂಸ್ಟನ್ ನಗರದಲ್ಲಿ 24ನೆಯ ಕಾಲ್ದಳದ ಕರಿಯ ಸಿಪಾಯಿಗಳು, ತಮ್ಮವನೊಬ್ಬನನ್ನು ಪೊಲೀಸರು ಹೊಡೆದು ಕೊಂದರೆಂಬ ಸುದ್ದಿ ಕೇಳಿ ಬಂದೂಕು ಹಿಡಿದು ಊರೊಳಗೆ ನುಗ್ಗಿದರು. ಆ ಸುದ್ದಿ ಸುಳ್ಳು. ಅವನು ಏಟು ತಿಂದು ಬದುಕಿದ್ದನು. ಊರವರೂ ಪೊಲೀಸರೂ ಸಿಪಾಯಿಗಳೂ ಸತ್ತರು. ಬ್ರೌನ್ಸ್‌ವಿಲ್ಲಿನಂತೆ ಇಲ್ಲಿ ನಡೆಯದುದನ್ನು ನಡೆಯಿತೆಂದು ಬರೆದುದಲ್ಲ, ನಡೆದುದು ನಿಜ. ಕೆಟ್ಟುದು ವಿಚಾರಣೆ. ಮೊದಲ ವಿಚಾರಣೆಯಲ್ಲಿ 63 ಮಂದಿಯ ಪರವಾಗಿ ವಾದಿಸಿದವನು ಒಬ್ಬನೇ ಅಧಿಕಾರಿ, ಅವನೂ ವಕೀಲನಲ್ಲ. ಡಿಸೆಂಬರ್ 11ರ ನಸುಕಿನಲ್ಲಿ 13 ಮಂದಿಯನ್ನು ಮೇಲ್ಮನವಿಗೆ ಅವಕಾಶವಿಲ್ಲದೆ ಗಲ್ಲಿಗೇರಿಸಿದರು. ಒಟ್ಟು 110 ಮಂದಿಗೆ ಶಿಕ್ಷೆಯಾಯಿತು, 19 ಮಂದಿ ಗಲ್ಲಿಗೆ ಹೋದರು. 2023ರ ನವೆಂಬರಿನಲ್ಲಿ, ದಾಖಲೆ ತಿದ್ದುವ ಅದೇ ಮಂಡಳಿಯ ಶಿಫಾರಸಿನ ಮೇಲೆ, ವಿಚಾರಣೆಗಳು ಮೂಲತಃ ನ್ಯಾಯಸಮ್ಮತವಾಗಿರಲಿಲ್ಲವೆಂದು 110 ತೀರ್ಪುಗಳನ್ನೂ ಸೈನ್ಯ ತಳ್ಳಿಹಾಕಿತು. ಅವರ ಸೇವೆ ಗೌರವಯುತವೆಂದು ಬರೆಯಿಸಿತು.

ಗಲ್ಲಿಗೇರಿದವರಲ್ಲಿ 17 ಮಂದಿಯ ಗೋರಿಗಳು ಸ್ಯಾನ್ ಆಂಟೋನಿಯೋದ ಸೈನಿಕ ಶ್ಮಶಾನದಲ್ಲಿವೆ. ಅಲ್ಲಿಯ ಇತರ ಸಿಪಾಯಿಗಳ ಕಲ್ಲುಗಳ ಮೇಲೆ ಹುದ್ದೆ, ದಳ, ಊರಿನ ಸಂಸ್ಥಾನ ಎಲ್ಲವನ್ನೂ ಕೆತ್ತಿದ್ದರು. ಇವರ ಕಲ್ಲಿನ ಮೇಲೆ ಹೆಸರು, ಸತ್ತ ದಿನ, ಇಷ್ಟೇ ಇದ್ದುವು. 2024ರ ಫೆಬ್ರವರಿ 22ರಂದು ಆ ಹದಿನೇಳು ಗೋರಿಗಳಿಗೆ ಹೊಸ ಕಲ್ಲುಗಳನ್ನು ಅರ್ಪಿಸಿದರು. ಹುದ್ದೆ, ದಳ, ಸಂಸ್ಥಾನ ಈಗ ಅವುಗಳ ಮೇಲೂ ಇವೆ.